ಬ್ಯಾಟರಿಗೆ ಎರೆದ ತೀರ್ಥ

ನಮ್ಮ ಅತ್ತೆ ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಬ್ಯಾಟರಿಯೂ ಬಂತು. ಅತ್ತೆಯ ಮಂಚದ ಪಕ್ಕದಲ್ಲಿ ಆಕ್ಸಿಜನ್ ಮೆಷಿನ್ ಕೂತಿತು. ಮನೆಯ ಗಾಳಿಯನ್ನೇ ಎಳೆದುಕೊಂಡು, ಸೋಸಿ, ಸಣ್ಣ ಕೊಳವೆಯಲ್ಲಿ ಅವರ ಮೂಗಿಗೆ ಕೊಡುವ ಯಂತ್ರ ಅದು. ಕರೆಂಟು ಹೋದರೆ ನಿಂತುಬಿಡುತ್ತದೆ. ನಿಲ್ಲಬಾರದೆಂದು ಒಂದು ಇನ್ವರ್ಟರ್, ಅದಕ್ಕೊಂದು ದೊಡ್ಡ ಬ್ಯಾಟರಿ. ಮಹಡಿ ಮೆಟ್ಟಿಲ ಕೆಳಗೆ, ಮೊದಲು ಈರುಳ್ಳಿ ಬುಟ್ಟಿ ಇಡುತ್ತಿದ್ದ ಜಾಗದಲ್ಲಿ ಅದನ್ನು ಇಟ್ಟೆವು.

ಅತ್ತೆ ಇಪ್ಪತ್ತೆರಡು ವರ್ಷ ಕಡಲೆಪುರಿ ಹುರಿಯುವ ಭಟ್ಟಿಯ ಮುಂದೆ ಕೂತು ಹೊಗೆ ಕುಡಿದವರು. ಶ್ವಾಸಕೋಶ ಅರ್ಧಕ್ಕಿಂತ ಹೆಚ್ಚು ಹೋಗಿದೆ ಎಂದರು ಡಾಕ್ಟರು. "ಹಗಲೂ ರಾತ್ರಿ ಎರಡು ಲೀಟರ್ ಹೋಗ್ತಾ ಇರ್ಬೇಕಮ್ಮ. ಐದು ನಿಮಿಷ ನಿಂತ್ರೆ ಏದುಸಿರು ಬರುತ್ತೆ. ಅರ್ಧ ಗಂಟೆ ನಿಂತ್ರೆ..." ಎಂದರು. ಚೀಟಿ ಮಡಚಿ ನನ್ನ ಕೈಗೆ ಕೊಟ್ಟರು. ನಮ್ಮ ಮನೆಯವರು ಪಕ್ಕದಲ್ಲೇ ನಿಂತಿದ್ದರೂ ನನ್ನ ಕೈಗೇ ಕೊಟ್ಟರು. ಇವರು ಸೋಂಪುರದ ಕಾರ್ಖಾನೆಯಲ್ಲಿ ಶಿಫ್ಟಿನ ಮೇಲೆ ದುಡಿಯುವವರು. ಮನೆಯಲ್ಲಿ ಇರುವವಳು ನಾನೊಬ್ಬಳೇ ಎಂಬುದು ಡಾಕ್ಟರಿಗೂ ಗೊತ್ತಾಗಿತ್ತು.

ಅರಿಶಿನಕುಂಟೆಯಲ್ಲಿ ಹೆದ್ದಾರಿಯಿಂದ ಎರಡು ಬೀದಿ ಒಳಗೆ ನಮ್ಮ ಮನೆ. ಹೆದ್ದಾರಿಯ ದೀಪಗಳು ಆರಿದ್ದನ್ನು ನಾನು ನೋಡಿಲ್ಲ. ನಮ್ಮ ಬೀದಿಯಲ್ಲಿ ಮಾತ್ರ ಗಾಳಿ ಬೀಸಿದರೆ ಕರೆಂಟು ಹೋಗುತ್ತದೆ, ಮೋಡ ಕವಿದರೆ ಹೋಗುತ್ತದೆ, ಕೆಲವು ಸಲ ಸುಮ್ಮಸುಮ್ಮನೆ ಹೋಗುತ್ತದೆ.

ಬ್ಯಾಟರಿ ಜೋಡಿಸಿಕೊಟ್ಟವರು ನೆಲಮಂಗಲದ ಬ್ಯಾಟರಿ ಅಂಗಡಿಯ ಸಾಹೇಬರು. ಅರವತ್ತು ದಾಟಿದ ಮನುಷ್ಯ. ಅಂಗಿಯ ತುಂಬ ಸಣ್ಣ ಸಣ್ಣ ತೂತು, ಆಸಿಡ್ ಹಾರಿ ಸುಟ್ಟ ಗುರುತು. ನನ್ನನ್ನು ಮೆಟ್ಟಿಲ ಕೆಳಗೆ ಕೂರಿಸಿಕೊಂಡು ಶಾಲೆಯ ಮೇಷ್ಟರಂತೆ ಪಾಠ ಹೇಳಿದರು.

"ನೋಡಿ ತಾಯಿ, ಇದು ಉಣ್ಣೋ ಮಗು ಇದ್ದ ಹಾಗೆ. ಕರೆಂಟ್ ಬಂದ ತಕ್ಷಣ ಗಬಗಬ ತಿನ್ನುತ್ತೆ. ಮುಕ್ಕಾಲು ಹೊಟ್ಟೆ ತುಂಬಿದ ಮೇಲೆ ನಿಧಾನ. ಪೂರ್ತಿ ತುಂಬಿದ ಮೇಲೆ ಒಂದೊಂದೇ ಗುಟುಕು, ಸುಮ್ನೆ ಬಾಯಿ ಆರದ ಹಾಗೆ. ಇಷ್ಟೇ ಚಾರ್ಜಿಂಗು. ಪದೇ ಪದೇ ಅರ್ಧ ಹೊಟ್ಟೇಲಿ ಎಬ್ಬಿಸಿದ್ರೂ ಕೆಡುತ್ತೆ, ಪೂರ್ತಿ ಖಾಲಿ ಬಿಟ್ರೂ ಕೆಡುತ್ತೆ. ಒಳಗಿನ ಪ್ಲೇಟಿಗೆ ಬಿಳಿ ಉಪ್ಪು ಹಿಡ್ಕೊಳ್ಳುತ್ತೆ."

"ಎಷ್ಟು ವರ್ಷ ಬರುತ್ತೆ ಸಾಹೇಬ್ರೇ?"

"ಮೂರು ವರ್ಷ ನನ್ನ ಜವಾಬ್ದಾರಿ. ನಾಲ್ಕನೇದು ನಿಮ್ಮ ಜವಾಬ್ದಾರಿ. ಐದನೇದು ಮೇಲಿನವನದು."

ಅತ್ತೆ ಮಂಚದ ಮೇಲಿಂದಲೇ ಕೂಗಿದರು: "ನಂಗೆ ಅಷ್ಟು ಗ್ಯಾರಂಟಿ ಯಾರೂ ಕೊಟ್ಟಿಲ್ಲ ಕಣಪ್ಪಾ. ನಂಗೂ ಒಂದು ಕಾರ್ಡು ಬರ್ಕೊಡು!"

"ನಿಮಗ್ಯಾಕೆ ಕಾರ್ಡು ಅಜ್ಜೀ? ನೀವು ಹಳೇ ಕಾಲದ ಗಟ್ಟಿ ಮಾಲು."

ಅತ್ತೆ ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಸಾಹೇಬರು ಮತ್ತೆ ಬ್ಯಾಟರಿಯ ಕಡೆ ತಿರುಗಿದರು.

ಬ್ಯಾಟರಿಯ ತಲೆಯ ಮೇಲೆ ಆರು ಮುಚ್ಚಳ. ಒಂದೊಂದರಲ್ಲೂ ಒಂದು ಪುಟ್ಟ ಕಡ್ಡಿ ತೇಲುತ್ತಿರುತ್ತದೆ. ಕಡ್ಡಿ ಕೆಳಗಿಳಿದರೆ ನೀರು ಕಡಿಮೆಯಾಗಿದೆ ಎಂದರ್ಥ. "ಇದಕ್ಕೆ ಬ್ಯಾಟರಿ ನೀರು ಮಾತ್ರ, ಕ್ಯಾನಲ್ಲಿ ಮಾರ್ತಾರಲ್ಲ ಅದು. ನಲ್ಲಿ ನೀರು ಬೇಡ, ಫಿಲ್ಟರ್ ನೀರು ಬೇಡ, ಬೋರ್ ನೀರಂತೂ ಬೇಡವೇ ಬೇಡ. ಕಾದಾಗ ನೀರು ಹಾರಿ ಹೋಗುತ್ತೆ, ಅದ್ರಲ್ಲಿ ಇದ್ದಿದ್ದೆಲ್ಲ ಒಳಗೇ ಕೂತ್ಕೊಳ್ಳುತ್ತೆ. ತಿಳೀತಾ?" ಎಂದರು. ತಿಳಿಯಿತು ಎಂದು ತಲೆಯಾಡಿಸಿದೆ. ಸಾಹೇಬರು ಬೇಡವೆಂದ ಪಟ್ಟಿಯಲ್ಲಿ ತೀರ್ಥ ಇರಲಿಲ್ಲ.

ಮೊದಲ ಸಲ ಕರೆಂಟು ಹೋದಾಗ ಅತ್ತೆಯ ಕೋಣೆಗೆ ಓಡಿದೆ. ಮೆಷಿನ್ ಒಂದು ಕ್ಷಣ ತೊದಲಿ ಮತ್ತೆ ಗುರ್ ಎಂದಿತು. ನಾನು ಜಪಸರ ಹಿಡಿದು ಅತ್ತೆಯ ಪಕ್ಕ ಕೂತು ನಮಃ ಶಿವಾಯ ಹೇಳತೊಡಗಿದೆ. ನೂರೆಂಟು ಮಣಿಗೆ ಒಂದು ಸುತ್ತು. ಅವತ್ತು ಕರೆಂಟು ಬರುವಷ್ಟರಲ್ಲಿ ಮೂವತ್ತು ಸುತ್ತು ಮುಗಿದಿತ್ತು, ಬ್ಯಾಟರಿ ಮಾತ್ರ ಅಲುಗಿರಲಿಲ್ಲ. ಆಮೇಲಿಂದ ಅದೇ ನನ್ನ ಅಳತೆಯಾಯಿತು. ಗಡಿಯಾರ ನೋಡಿದರೆ ಭಯವಾಗುತ್ತಿತ್ತು. ಮಣಿ ಎಣಿಸಿದರೆ ಭಯಕ್ಕೊಂದು ಕೆಲಸ ಸಿಗುತ್ತಿತ್ತು.

ದಿನಾ ಮಲಗುವ ಮುಂಚೆ ದೇವರು ಕೊಟ್ಟ ಸಣ್ಣಪುಟ್ಟದ್ದನ್ನು ನೆನೆಸಿಕೊಳ್ಳುವುದು ನನ್ನ ಅಭ್ಯಾಸ. ಅತ್ತೆ ಎರಡು ಇಡ್ಲಿ ತಿಂದರು. ಸ್ನಾನಕ್ಕೆ ಒಬ್ಬರೇ ನಡೆದು ಹೋದರು. ಕರೆಂಟು ಒಂದೇ ಸಲ ಹೋಯಿತು. ಮೊದಲ ವರ್ಷವೆಲ್ಲ ಹೀಗೇ ಕಳೆಯಿತು.

ಎರಡನೆಯ ವರ್ಷ, ನವರಾತ್ರಿಗೆ ಮುಂಚೆ, ಅತ್ತೆಯ ಹೆಸರಲ್ಲಿ ಹರಕೆ ಹೊತ್ತು ಶಿವಗಂಗೆ ಬೆಟ್ಟ ಹತ್ತಿದೆ. ಅಲ್ಲಿ ಒಳಕಲ್ಲು ತೀರ್ಥ ಎಂದಿದೆ. ಬಂಡೆಯೊಳಗಿನ ಕುಳಿಗೆ ಕೈ ಹಾಕಬೇಕು, ಪುಣ್ಯವಿದ್ದವರ ಕೈಗೆ ಮಾತ್ರ ನೀರು ಸಿಗುತ್ತದೆ ಎನ್ನುತ್ತಾರೆ. ನನ್ನ ಮುಂದಿದ್ದ ಹೆಂಗಸಿಗೆ ಸಿಗಲಿಲ್ಲ, ಅವಳು ಅಳುತ್ತ ಎದ್ದಳು. ನನ್ನ ಬೆರಳಿಗೆ ತಣ್ಣಗೆ ತಾಗಿತು. ಬೊಗಸೆಯಲ್ಲಿ ಬಂದಷ್ಟನ್ನು ಬಾಟಲಿಗೆ ಹಿಡಿದು ತಂದು, ದೇವರ ಮನೆಯ ತಾಮ್ರದ ಚೊಂಬಿನ ನೀರಿಗೆ ಬೆರೆಸಿ, ಮೇಲೆರಡು ಬಿಲ್ವದ ಎಲೆ ಹಾಕಿಟ್ಟೆ.

ಆಯುಧ ಪೂಜೆಯ ದಿನ ಕತ್ತಿ, ಕುಡುಗೋಲು, ಮಿಕ್ಸಿ, ಇವರ ಬೈಕು ಎಲ್ಲ ತೊಳೆದು ಅರಿಶಿನ ಕುಂಕುಮ ಹಚ್ಚಿದೆ. ಬ್ಯಾಟರಿಯನ್ನೂ ಒರೆಸಿ ಹೂವಿಟ್ಟೆ. ಆಗ ಕಂಡಿತು, ಆರೂ ಕಡ್ಡಿಗಳು ಕೆಳಗಿಳಿದಿದ್ದವು. ಕ್ಯಾನಿನಲ್ಲಿದ್ದ ಬ್ಯಾಟರಿ ನೀರು ಎರೆದೆ, ಕಡ್ಡಿ ಇನ್ನೂ ಸ್ವಲ್ಪ ಕೆಳಗೇ ನಿಂತವು. ಅಂಗಡಿಗಳೆಲ್ಲ ಪೂಜೆಗೆ ಬಾಗಿಲು ಹಾಕಿದ್ದವು. ನಮ್ಮ ಮನೆಯಲ್ಲಿ ಹಬ್ಬದ ದಿನ ಬಿಂದಿಗೆಯಿಂದ ಹಿಡಿದು ಉಪ್ಪಿನ ಭರಣಿಯವರೆಗೆ ಯಾವುದೂ ಅರ್ಧ ಖಾಲಿ ಇರಬಾರದು ಎಂಬ ಪದ್ಧತಿ. ದೇವರ ಮನೆಗೆ ಹೋಗಿ ಚೊಂಬು ತಂದೆ. ಒಂದೊಂದು ಬಾಯಿಗೂ ಎರಡೆರಡು ಉದ್ಧರಣೆ ತೀರ್ಥ ಬಿಟ್ಟೆ. ನನ್ನ ಅತ್ತೆಯ ಉಸಿರು ಇರುವುದು ಇದರೊಳಗೇ ಅಲ್ಲವೇ, ಹರಕೆಯ ನೀರು ಸೇರಬೇಕಾದ್ದು ಇಲ್ಲಿಗೇ ಎಂದುಕೊಂಡೆ. ಆಮೇಲೆ ಅಲ್ಲೇ ಬಗ್ಗಿ ಮಂಗಳಾರತಿ ಎತ್ತಿದೆ. ಚಾರ್ಜ್ ಆಗುವಾಗ ಅದರೊಳಗಿಂದ ಉರಿಯುವ ಅನಿಲ ಬರುತ್ತದೆ, ಬೆಂಕಿ ತೋರಿಸಿದರೆ ಸಿಡಿದೂ ಹೋಗಬಹುದು ಎಂದು ಆಗ ಗೊತ್ತಿರಲಿಲ್ಲ. ಅವತ್ತು ಸಿಡಿಯಲಿಲ್ಲ. ಅದನ್ನು ನಾನು ಬಹಳ ತಡವಾಗಿ ಪುಣ್ಯದ ಲೆಕ್ಕಕ್ಕೆ ಸೇರಿಸಿಕೊಂಡೆ.

ಒಳ್ಳೆಯದೇ ಆದಂತೆ ಕಂಡಿತು. ಅತ್ತೆಯ ಕೆಮ್ಮು ಕೆಲವು ವಾರ ಕಡಿಮೆಯಾಯಿತು. ಹಾಗಾಗಿ ನೀರು ಹಾಕುವಾಗಲೆಲ್ಲ ಒಂದೊಂದು ಉದ್ಧರಣೆ ತೀರ್ಥವನ್ನೂ ಬಿಡುತ್ತ ಬಂದೆ. ಯಾರಿಗೂ ಹೇಳಲಿಲ್ಲ. ಹರಕೆಯ ಮಾತನ್ನು ಹೇಳಿಕೊಂಡು ತಿರುಗಬಾರದು ಎಂದು ನಮ್ಮಮ್ಮ ಕಲಿಸಿದ್ದರು.

ಶಿವರಾತ್ರಿಯ ಹೊತ್ತಿಗೆ ಮೂವತ್ತು ಸುತ್ತು ಇದ್ದದ್ದು ಇಪ್ಪತ್ತಕ್ಕೆ ಬ್ಯಾಟರಿ ಮುಗಿಯಿತೆಂದು ಇನ್ವರ್ಟರ್ ಕೂಗತೊಡಗಿತು. ನನ್ನ ಜಪ ನಿಧಾನವಾಗಿರಬೇಕು, ವಯಸ್ಸಾಯಿತಲ್ಲ ಎಂದುಕೊಂಡೆ. ಬಿಸಿಲುಗಾಲದಲ್ಲಿ ಹದಿನಾಲ್ಕಾಯಿತು. ಸೆಕೆಗೆ ನಾಲಿಗೆ ಎಳೆಯುತ್ತಿದೆ ಎಂದುಕೊಂಡೆ. ಹತ್ತಾದಾಗ ಅಂದುಕೊಳ್ಳಲು ಏನೂ ಉಳಿದಿರಲಿಲ್ಲ. ತುರ್ತಿಗೆಂದು ಮೊದಲೇ ತಂದು ಮೂಲೆಯಲ್ಲಿ ಇಟ್ಟಿದ್ದ ಚಿಕ್ಕ ಆಕ್ಸಿಜನ್ ಸಿಲಿಂಡರನ್ನು ಆಗಾಗ ಹತ್ತು ಹದಿನೈದು ನಿಮಿಷ ತೆರೆಯುವುದು, ಕರೆಂಟು ಬಂದ ಕೂಡಲೇ ಬಿಗಿಯಾಗಿ ಮುಚ್ಚುವುದು, ಹೀಗೆ ತೂಗಿಸಿದೆ. ಎಷ್ಟು ಉಳಿದಿದೆಯೆಂದು ತೋರಿಸುವ ಅದರ ಮುಳ್ಳೂ ಮೆಲ್ಲಗೆ ಕೆಂಪಿನ ಕಡೆಗೆ ಸರಿಯಿತು. ಸಾಹೇಬರು ಹೇಳಿದ್ದ ಮೂರು ವರ್ಷ ಇನ್ನೂ ತುಂಬಿರಲಿಲ್ಲ.

ಶ್ರಾವಣ ಬಂತು. ಶ್ರಾವಣದಲ್ಲಿ ನಾವು ಮಾಂಸ, ಮೊಟ್ಟೆ ಮುಟ್ಟುವುದಿಲ್ಲ. ಒಂದು ಶುಕ್ರವಾರ ಬೆಳಿಗ್ಗೆ ಮನೆಯೆಲ್ಲ ಕೊಳೆತ ಮೊಟ್ಟೆಯ ನಾತ.

"ಏನೇ ಇದು ಗಬ್ಬು? ಗಂಡ ಹೆಂಡ್ತಿ ಕದ್ದು ಆಮ್ಲೆಟ್ ಹಾಕ್ಕೊಂಡು ತಿಂದ್ರಾ?" ಎಂದರು ಅತ್ತೆ.

"ಶ್ರಾವಣ ಶುಕ್ರವಾರ ಕಣತ್ತೆ, ಬಿಡ್ತು ಅನ್ನಿ."

"ನಾನಂದ್ರೆ ಬಿಡ್ತು. ನಾತ ಬಿಡ್ತಾ ನೋಡು."

ಡಬ್ಬಿ, ಬುಟ್ಟಿ, ಹಿತ್ತಿಲು ಎಲ್ಲ ಹುಡುಕಿದೆ. ಮೆಟ್ಟಿಲ ಕೆಳಗೆ ಬಗ್ಗಿದಾಗ ಕಣ್ಣು ಉರಿಯಿತು. ಬ್ಯಾಟರಿಯ ಪಕ್ಕೆ ಉಬ್ಬಿತ್ತು. ಕೈ ಇಡಲಾಗದಷ್ಟು ಬಿಸಿ. ಒಳಗೆ ಏನೋ ಗುಳುಗುಳು ಕುದಿಯುತ್ತಿತ್ತು.

ಸಾಹೇಬರು ಮಧ್ಯಾಹ್ನ ಬಂದರು. ಇವರೂ ಅವತ್ತು ಮನೆಯಲ್ಲಿದ್ದರು. ಸಾಹೇಬರು ಒಂದೊಂದೇ ಮುಚ್ಚಳ ತೆಗೆದು, ರಬ್ಬರ್ ಬುರುಡೆಯ ಗಾಜಿನ ಕೊಳವೆಯಲ್ಲಿ ಒಳಗಿನ ಆಸಿಡ್ ಹೀರಿ ನೋಡಿದರು. ಮೂರನೆಯ ಮುಚ್ಚಳವನ್ನು ತಿರುಗಿಸಿ ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟರು.

"ಆರರಲ್ಲಿ ಎರಡು ಸೆಲ್ ಸತ್ತಿದೆ. ಉಳಿದ ನಾಲ್ಕಕ್ಕೆ ಅವುಗಳ ಪಾಲಿನ ಚಾರ್ಜೂ ನುಗ್ತಾ ಇದೆ, ಅದಕ್ಕೇ ಕುದೀತಿದೆ. ತಾಯಿ, ಯಾವ ನೀರು ಹಾಕ್ತಿದ್ರಿ?"

ಇವರು ನನ್ನ ಮುಖ ನೋಡಿದರು. ಅತ್ತೆ ಕೊಳವೆಯ ಸಮೇತ ಇತ್ತ ತಿರುಗಿದರು.

"ಬ್ಯಾಟರಿ ನೀರೇ," ಎಂದೆ.

ಶ್ರಾವಣ ಶುಕ್ರವಾರ, ಹಣೆಯಲ್ಲಿ ಕುಂಕುಮವಿಟ್ಟುಕೊಂಡು ಹೇಳಿದ ಸುಳ್ಳು ಅದು. ಸಾಹೇಬರು ಮತ್ತೊಮ್ಮೆ ಕೇಳಲಿಲ್ಲ. "ಇದನ್ನ ನಂಬ್ಕೊಂಡು ಕೂರಬೇಡಿ. ನಾಳೇನೇ ಹೊಸದು ತಂದು ಹಾಕ್ತೀನಿ. ಈಗ ಚಾರ್ಜ್‌ಗೆ ಇಟ್ರೆ ನಾಳೆ ಹೊತ್ತಿಗೆ ರೆಡಿ ಆಗಿರುತ್ತೆ," ಎಂದರು.

ನಾಳೆ ಎಂದರೆ ಶನಿವಾರ. ಶನಿವಾರ ಕಬ್ಬಿಣ, ಎಣ್ಣೆ ಮನೆಯೊಳಗೆ ತರುವವರಲ್ಲ ನಾವು. ಬ್ಯಾಟರಿಯಲ್ಲಿ ಸೀಸ ಇರುವುದು, ಕಬ್ಬಿಣವಲ್ಲ ಎಂದು ಈಗ ಗೊತ್ತು. ಅವತ್ತು ನಾನೇ ಬಾಯಿ ಹಾಕಿದೆ: "ಶನಿವಾರ ಬೇಡ ಸಾಹೇಬ್ರೇ. ಸೋಮವಾರ ತನ್ನಿ, ಶ್ರಾವಣ ಸೋಮವಾರ, ಒಳ್ಳೇ ದಿನ."

ಇವರು, "ಲೇ, ಎರಡು ದಿನ ಅಲ್ವೇನೇ?" ಎಂದರು. "ಇಷ್ಟು ದಿನ ಕಾದಿದ್ದಾನೆ ಶಿವ, ಇನ್ನೆರಡು ದಿನ ಕಾಯಲ್ವಾ?" ಎಂದೆ. ಸಾಹೇಬರು ಆ ಬ್ಯಾಟರಿಗೆ ಚಾರ್ಜಿಂಗ್ ಕಡಿಮೆ ಹೋಗುವಂತೆ ಇನ್ವರ್ಟರಿನ ಗುಂಡಿ ತಿರುಗಿಸಿಟ್ಟು ಹೊರಟರು. ಬಾಗಿಲಲ್ಲಿ ನಿಂತು, "ಸಿಲಿಂಡರ್ ತುಂಬಿಸಿಟ್ಕೊಳ್ಳಿ," ಎಂದರು. ಸೋಮವಾರ ಒಟ್ಟಿಗೇ ಆಗುತ್ತದೆ ಬಿಡಿ ಎಂದೆವು.

ಭಾನುವಾರ ಇವರು ಓಟಿಗೆಂದು ಕಾರ್ಖಾನೆಗೆ ಹೋಗಿದ್ದರು. ಮಧ್ಯಾಹ್ನ ಎರಡರ ಸುಮಾರಿಗೆ ಬೀದಿಯ ಕೊನೆಯಲ್ಲಿ ಢಬ್ ಎಂದು ಸದ್ದಾಯಿತು. ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ಟ್ರಾನ್ಸ್‌ಫಾರ್ಮರ್ ಹೋಗಿತ್ತು. ಮೆಷಿನ್ ತೊದಲಿ, ಬ್ಯಾಟರಿಗೆ ಬಿದ್ದು, ಗುರ್ ಎಂದಿತು. ನಾನು ಜಪಸರ ಹಿಡಿದು ಕೂತೆ.

ಎರಡನೆಯ ಸುತ್ತು ಅರ್ಧಕ್ಕೆ ಬಂದಿರಲಿಲ್ಲ. ಇನ್ವರ್ಟರ್ ಕಿರುಚಿತು. ಅದರ ಬೆನ್ನಿಗೇ ಮೆಷಿನ್ ಕಿರುಚಿತು. ಆಮೇಲೆ ಎರಡೂ ನಿಂತವು. ಆ ಕೋಣೆಯಲ್ಲಿ ಎರಡೂ ಮುಕ್ಕಾಲು ವರ್ಷದಿಂದ ಅಷ್ಟು ನಿಶ್ಶಬ್ದ ಇರಲೇ ಇಲ್ಲ. ಅತ್ತೆ ಉಸಿರೆಳೆಯುವ ಸದ್ದು ಮಾತ್ರ ಕೇಳುತ್ತಿತ್ತು.

ಸಿಲಿಂಡರಿನ ಹತ್ತಿರ ಓಡಿದೆ. ಹಿಂದಿನ ಸಲ ನಾನೇ ಉಳಿತಾಯವೆಂದು ಬಿಗಿಯಾಗಿ ಮುಚ್ಚಿದ್ದ ತಿರುಪು ಅದು. ಕೀಲಿ ಹಾಕಿ ತಿರುಗಿಸಿದರೆ ಅಲುಗಲಿಲ್ಲ. ಸೆರಗು ಸುತ್ತಿ ತಿರುಗಿಸಿದೆ, ಜಾರಿತು. ಪಕ್ಕದ ಮನೆಯವರನ್ನು ಕೂಗಿದೆ. ಅವರು ಮದುವೆಗೆ ಹೋದವರು ಬಂದಿರಲಿಲ್ಲ.

"ನಿಧಾನ... ಕಣೆ," ಎಂದರು ಅತ್ತೆ. "ನಾನೇನು... ಓಡ್ಹೋಗಲ್ಲ."

"ಮಾತಾಡ್ಬೇಡಿ ಅತ್ತೆ, ಮಾತಾಡ್ಬೇಡಿ."

ತಿರುಗಿ ನೋಡಿದೆ. ಅವರ ತುಟಿ ನೇರಳೆ ಹಣ್ಣು ತಿಂದವರ ತುಟಿಯಂತಾಗಿತ್ತು. ಕಣ್ಣು ನನ್ನ ಮೇಲೇ ಇತ್ತು. ಅಡುಗೆ ಮನೆಯಿಂದ ಕುಟ್ಟಾಣಿಯ ಕಬ್ಬಿಣದ ಹಾರೆ ತಂದು ಕೀಲಿಯ ಬಾಲಕ್ಕೆ ಹೊಡೆದೆ. ಎರಡನೆಯ ಏಟಿಗೂ ಇಲ್ಲ. ಎಷ್ಟನೆಯದಕ್ಕೋ ಸುಯ್ ಎಂದಿತು. ಕೊಳವೆ ಸಿಕ್ಕಿಸಿ ಅವರ ಮೂಗಿಗೆ ಹಿಡಿದೆ. ಏಳೆಂಟು ನಿಮಿಷ ಆಗಿರಬಹುದು. ಹತ್ತೇ ಆಗಿತ್ತೇನೋ. ಅವತ್ತು ನಾನು ಏನನ್ನೂ ಎಣಿಸಲಿಲ್ಲ.

ಆಮೇಲೆ ಸಾಹೇಬರಿಗೆ ಫೋನು ಮಾಡಿದೆ. ಅವರು ಒಂದೇ ಮಾತು ಕೇಳಿದರು: "ಸಿಲಿಂಡರ್ ಮುಳ್ಳು ಎಲ್ಲಿದೆ?" ಕೆಂಪಿನಲ್ಲಿದೆ ಎಂದೆ. ಫೋನು ಇಟ್ಟುಬಿಟ್ಟರು. ಲೈನ್‌ಮನ್‌ನನ್ನು ಕೇಳಿದರೆ ಬೇರೆ ಟ್ರಾನ್ಸ್‌ಫಾರ್ಮರ್ ಬರುವಾಗ ಸಂಜೆ ಆಗುತ್ತದೆ ಎಂದ. ಮುಳ್ಳನ್ನೇ ನೋಡುತ್ತ ಕೂತೆ. ಅದು ಕೊನೆಯ ಗೆರೆಗೆ ತಾಗುವ ಹೊತ್ತಿಗೆ ಬಾಗಿಲಲ್ಲಿ ಆಟೋ ನಿಂತಿತು. ಸಾಹೇಬರೂ ಆಟೋದವರೂ ಸೇರಿ ಒಂದು ಬ್ಯಾಟರಿಯನ್ನು ಹೊತ್ತು ತಂದರು. ಹಳೆಯದು, ತಲೆಯ ಮೇಲೆ ಧೂಳು.

"ಸೋಮವಾರ ಅಂದ್ರಲ್ಲ, ನಿಮ್ದನ್ನ ಇವತ್ತು ಬೆಳಿಗ್ಗೆ ಚಾರ್ಜ್‌ಗೆ ಇಟ್ಟೆ, ನಾಳೆಗೇ ರೆಡಿ ಆಗೋದು. ಇದು ನಮ್ಮನೇದು," ಎನ್ನುತ್ತಲೇ ವೈರು ಬಿಗಿದರು. ಮೆಷಿನ್ ಮತ್ತೆ ಗುರ್ ಎಂದಾಗ ನಾನು ಮೆಟ್ಟಿಲ ಮೇಲೆ ಕೂತೆ. ಅಲ್ಲೇ, ಅವರು ಕೇಳದೆಯೇ, ಅತ್ತೆಗೆ ಕೇಳಿಸದಂತೆ ತೀರ್ಥದ ವಿಷಯ ಹೇಳಿದೆ.

"ಗೊತ್ತು ತಾಯಿ. ಮುಚ್ಚಳದ ಒಳಗೆ ಎಲೆ ಚೂರು ಅಂಟಿತ್ತು, ಕಪ್ಪಗೆ ಸುಟ್ಟು. ಮೊನ್ನೇನೇ ನೋಡಿದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಯಜಮಾನ್ರು ನಿಂತಿದ್ರು, ಅಜ್ಜಿ ನೋಡ್ತಾ ಇದ್ರು. ಹೆಂಗೆ ಹೇಳ್ಲಿ?" ಎಂದು ಕೈ ಒರೆಸಿಕೊಂಡರು. "ನನ್ನ ತಮ್ಮನ ಹೆಂಡ್ತಿ ಆಟೋ ಬ್ಯಾಟರಿಗೆ ಝಮ್‌ಝಮ್ ನೀರು ಹಾಕಿದ್ಲು, ಹಜ್‌ಗೆ ಹೋದವರು ತಂದುಕೊಟ್ಟಿದ್ದು. ಗಂಡನಿಗೆ ಬರ್ಕತ್ ಆಗ್ಲಿ, ದುಡಿಮೆ ಹೆಚ್ಲಿ ಅಂತ. ಆರೇ ತಿಂಗಳಿಗೆ ಪ್ಲೇಟು ಹೋಯ್ತು. ನಿಮ್ದು ತಾಮ್ರದ ಚೊಂಬಲ್ವಾ? ತಾಮ್ರ ಇನ್ನೂ ಮೋಸ. ಸೀಸಕ್ಕೆ ಅದು ವಿಷ." ಸ್ವಲ್ಪ ನಕ್ಕರು. ನನಗೆ ನಗು ಬರಲಿಲ್ಲ. ಅವರ ಮನೆಯಲ್ಲಿ ನಿಂತದ್ದು ಆಟೋ.

ಸಂಜೆ ಇವರು ಬಂದಾಗ ಎಲ್ಲ ಹೇಳಿದೆ. ಬೈಯಲಿಲ್ಲ. ಊಟ ಮಾಡದೆ ಅಮ್ಮನ ಕಾಲು ಒತ್ತುತ್ತ ಕೂತರು. ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಸೋಮವಾರ ಹೊಸ ಬ್ಯಾಟರಿ ಬಂತು. ಬುಧವಾರ ಡಾಕ್ಟರ ಹತ್ತಿರ ಹೋದೆವು. ಬೆರಳಿಗೆ ಕ್ಲಿಪ್ ಹಾಕಿ ನೋಡಿ, ಎರಡು ಲೀಟರ್ ಈಗ ಸಾಲುತ್ತಿಲ್ಲ, ಮೂರಕ್ಕೆ ಇಡಿ ಎಂದರು. ನಡುವೆ ಎಂದಾದರೂ ನಿಂತಿತ್ತಾ ಎಂದು ಕೇಳಿದರು. ನಿಂತಿತ್ತು ಎಂದೆ, ಹತ್ತು ನಿಮಿಷ ಇರಬಹುದು ಎಂದೂ ಹೇಳಿದೆ. ಅದರಿಂದಲೇ ಹೀಗಾಯಿತು ಎಂದು ಅವರು ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ.

ಅತ್ತೆಗೆ ಹೇಳಲು ಇನ್ನೂ ನಾಲ್ಕು ದಿನ ಬೇಕಾಯಿತು. ತಲೆ ಬಾಚುತ್ತ ಹಿಂದೆ ನಿಂತು ಹೇಳಿದೆ, ಮುಖ ಕಾಣಿಸದಿರಲಿ ಎಂದು.

"ಶಿವಗಂಗೆ ನೀರು ನಂಗೆ ಒಂದು ಹನಿ ಕೊಡ್ದೆ ಅದಕ್ಕೆ ಸುರಿದ್ಯೇನೇ?"

"ಇಲ್ಲ ಅತ್ತೆ. ಮೊದಲು ನಿಮಗೇ ಕೊಟ್ಟೆ. ಆಮೇಲೂ ವಾರವಾರ ಕೊಟ್ಟಿದ್ದೀನಿ."

"ಹಂಗಾದ್ರೆ ಅದೂ ನಾನೂ ಒಂದೇ ನೀರು ಕುಡಿದಿದ್ದೀವಿ ಅನ್ನು," ಎಂದರು. ತಮಾಷೆಗೇ ಹೇಳಿದ್ದು. ನಾನು ಮತ್ತೆ ಅವರ ತಲೆಯ ಸಿಕ್ಕು ಬಿಡಿಸತೊಡಗಿದೆ.

ಈಗ ಬ್ಯಾಟರಿಗೆ ಕ್ಯಾನಿನ ನೀರನ್ನು ಮಾತ್ರ ಹಾಕುತ್ತೇನೆ. ಪೂಜೆ, ಆರತಿ ಎಲ್ಲ ದೇವರ ಮನೆಯಲ್ಲೇ. ಅತ್ತೆ ನನ್ನ ಮೇಲೆ ಕೋಪ ಮಾಡಿಕೊಂಡಿಲ್ಲ, ಇವತ್ತು ಬೆಳಿಗ್ಗೆ ಒಂದೂವರೆ ಇಡ್ಲಿ ತಿಂದರು, ಅದು ನನಗೆ ದೊಡ್ಡದು. ಆದರೆ ಕರೆಂಟು ಹೋದಾಗ ಅವರು ಮೊದಲಿನಂತೆ ಕಣ್ಣು ಮುಚ್ಚಿ ಮಲಗಿರುವುದಿಲ್ಲ. ತಲೆ ಎತ್ತಿ ಮೊದಲು ಮೆಷಿನ್ ಕಡೆ ನೋಡುತ್ತಾರೆ, ಆಮೇಲೆ ನನ್ನ ಕಡೆ. ನಾನು ಮೆಷಿನ್ನಿನ ಮುಂಭಾಗದ ಗಾಜಿನ ನಳಿಗೆಯನ್ನು ನೋಡುತ್ತೇನೆ. ಒಳಗೊಂದು ಪುಟ್ಟ ಗುಂಡು ಗಾಳಿಯಲ್ಲಿ ತೇಲುತ್ತ ಮೂರು ಲೀಟರಿನ ಗೆರೆಯ ಮೇಲೆ ನಡುಗುತ್ತಿರುತ್ತದೆ. ಅದರ ಮೇಲೆ ಈ ಮೆಷಿನ್ನಿಗೆ ಇನ್ನು ಎರಡೇ ಗೆರೆ ಇವೆ.